ಕ್ಯಾಬಿನ್ ಬೋಟಿಗೆ ಹೊಸ ಸಲಕರಣೆ: ಯಾವುದು ಮೊದಲು, ಯಾವುದು ಆಮೇಲೆ

ಹತ್ತಿಪ್ಪತ್ತು ವರ್ಷ ಹಳೆಯ ಕ್ಯಾಬಿನ್ ಬೋಟು ಕೈಗೆ ಬಂದ ಕೂಡಲೇ ಹೆಚ್ಚಿನವರು ಮೊದಲು ಕೊಳ್ಳುವುದು ದೊಡ್ಡ ಬಣ್ಣದ ಪರದೆಯ ಚಾರ್ಟ್‌ಪ್ಲಾಟರ್, ಅಂದರೆ ಕಡಲ ನಕ್ಷೆಯಲ್ಲಿ ದಾರಿ ತೋರಿಸುವ ಯಂತ್ರ. ಅದಾದ ಮೇಲೆ ಫ್ರಿಜ್, ಅದರ ಮೇಲೆ ಸ್ಪೀಕರ್. ತಳದ ಪಂಪು, ಬ್ಯಾಟರಿಯ ತಂತಿ, ನೀರಿನ ಗೆರೆಯ ಕೆಳಗಿನ ವಾಲ್ವ್ ಇವುಗಳ ಸರದಿ ಬರುವಷ್ಟರಲ್ಲಿ ಹಣ ಮುಗಿದಿರುತ್ತದೆ, ಮಳೆಯೂ ಶುರುವಾಗಿರುತ್ತದೆ. ಈ ಕ್ರಮವನ್ನು ತಲೆಕೆಳಗು ಮಾಡಬೇಕು ಎಂಬುದೇ ಈ ಲೇಖನದ ಮುಖ್ಯ ಮಾತು. ಮೊದಲು ನೀರು ಒಳಗೆ ಬಾರದಂತೆ ಮಾಡುವುದು, ಆಮೇಲೆ ಬೆಂಕಿ ಹೊತ್ತದಂತೆ ತಂತಿ ಹಾಕುವುದು, ಆಮೇಲೆ ಕಷ್ಟಕಾಲದಲ್ಲಿ ದಡಕ್ಕೆ ದನಿ ಮುಟ್ಟಿಸುವುದು. ದಾರಿ ತೋರಿಸುವ ಪರದೆ ಮತ್ತು ತಂಪು ಪಾನೀಯ ಇವೆಲ್ಲದರ ನಂತರ.

ಮಂಗಳೂರಿನ ಹಳೆ ಬಂದರು, ಮಲ್ಪೆ, ಹೆಜಮಾಡಿ, ಗಂಗೊಳ್ಳಿಗಳ ಆಸುಪಾಸಿನಲ್ಲಿ ಎಂಟು–ಹತ್ತು ಮೀಟರಿನ ಫೈಬರ್ ಬೋಟು ಇಟ್ಟುಕೊಂಡವರನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಎಂಜಿನ್ ಬದಲಾಯಿಸುವ ವಿಷಯ ಇಲ್ಲಿಲ್ಲ. ಅದಕ್ಕೆ ಬೇರೆಯೇ ಲೇಖನ ಬೇಕು.

ಕೆಲಸಕ್ಕೆ ಕಾಲ ನೋಡಿಕೊಳ್ಳಿ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧ ಇರುವುದರಿಂದ ದೊಡ್ಡ ಬೋಟುಗಳೆಲ್ಲ ಆಗ ದಡ ಸೇರುತ್ತವೆ. ಬೋಟು ಮೇಲೆಳೆಯುವ ಜಾಗಕ್ಕೂ ಫೈಬರ್ ಕೆಲಸದವರಿಗೂ ವೆಲ್ಡರ್‌ಗಳಿಗೂ ಎಲ್ಲಿಲ್ಲದ ಬೇಡಿಕೆ ಬರುವುದು ಅದೇ ಹೊತ್ತಿಗೆ. ನಿಮ್ಮದು ವಿಹಾರದ ಬೋಟಾದರೂ ಸ್ಥಳ ಮತ್ತು ಕೆಲಸಗಾರರನ್ನು ಮಾರ್ಚ್ ತಿಂಗಳಲ್ಲೇ ಗೊತ್ತುಮಾಡಿಕೊಳ್ಳಿ.

ಇನ್ನೊಂದು ತೊಡಕಿದೆ. ಬೋಟು ಮೇಲಿರುವುದು ಮಳೆಗಾಲದಲ್ಲಿ. ಆದರೆ ಎಪಾಕ್ಸಿ ಎಂಬ ಗಟ್ಟಿ ಅಂಟಿನ ಮತ್ತು ಫೈಬರಿನ ಕೆಲಸಕ್ಕೆ ಬೇಕಾದದ್ದು ಒಣ ಹವೆ. ತೇವ ಹೆಚ್ಚಿದ್ದಾಗ ಗಟ್ಟಿಯಾಗುವ ಎಪಾಕ್ಸಿಯ ಮೇಲೆ ಜಿಡ್ಡಿನ ಪದರ ಕೂರುತ್ತದೆ. ಅದನ್ನು ನೀರು ಹಾಕಿ ಉಜ್ಜಿ ತೆಗೆಯದೆ ಮುಂದಿನ ಪದರ ಹಚ್ಚಿದರೆ ಎರಡೂ ಒಂದಕ್ಕೊಂದು ಹಿಡಿಯುವುದಿಲ್ಲ. ಆದ್ದರಿಂದ ಬೋಟಿನ ಒಡಲಿಗೆ ಮತ್ತು ಮೇಲ್ಮಾಳಿಗೆಗೆ (ಡೆಕ್ಕಿಗೆ) ತೂತು ಕೊರೆಯುವ, ತುಂಬುವ, ಅಂಟಿಸುವ ಕೆಲಸವನ್ನೆಲ್ಲ ಏಪ್ರಿಲ್–ಮೇ ತಿಂಗಳಲ್ಲಿ ಮುಗಿಸಿ. ತಂತಿ, ಸ್ವಿಚ್ ಫಲಕ, ಬ್ಯಾಟರಿ ಪೆಟ್ಟಿಗೆಯಂತಹ ಒಳಗಿನ ಕೆಲಸವನ್ನು ತಾಡಪಾಲಿನ ಅಡಿಯಲ್ಲಿ ಮಳೆಗಾಲಕ್ಕೆ ಇಟ್ಟುಕೊಳ್ಳಿ. ಮಳೆ ಹೊಯ್ಯುವಾಗ ಕ್ಯಾಬಿನ್ನಿನೊಳಗೆ ಕೂತು ನಿಧಾನವಾಗಿ ತಂತಿ ಎಳೆಯುವುದಕ್ಕಿಂತ ಒಳ್ಳೆಯ ಆಟಿ ತಿಂಗಳ ಕೆಲಸ ನನಗೆ ಗೊತ್ತಿಲ್ಲ.

ಕಳಚುವ ಮೊದಲು ಅಳೆಯಿರಿ

ಬೋಟು ಇನ್ನೂ ನೀರಿನಲ್ಲಿದ್ದಾಗಲೇ ಒಂದು ನೋಟ್ ಪುಸ್ತಕ, ಮೊಬೈಲ್ ಕ್ಯಾಮೆರಾ ಮತ್ತು ಮಲ್ಟಿಮೀಟರ್ ಹಿಡಿದು ಮೂತಿಯಿಂದ ಹಿಂಬದಿಯವರೆಗೆ ಹೋಗಿ. ಪ್ರತಿ ಉಪಕರಣದ ಹೆಸರು, ಅದು ಎಳೆಯುವ ಆಂಪಿಯರ್, ಅದರ ತಂತಿ ಎಲ್ಲಿಂದ ಹೊರಟು ಎಲ್ಲಿ ಮುಗಿಯುತ್ತದೆ, ಫ್ಯೂಸ್ ಎಷ್ಟರದು ಎಂದು ಬರೆದುಕೊಳ್ಳಿ. ಯಾವ ತಂತಿ ಯಾವುದರದೆಂದು ತಿಳಿಯುವವರೆಗೆ ಒಂದನ್ನೂ ಕತ್ತರಿಸಬೇಡಿ.

ಆಮೇಲೆ ಒಂದು ಸರಳ ಪರೀಕ್ಷೆ. ತಳದ ಪಂಪನ್ನು ಓಡಿಸಿ, ಅದು ಓಡುತ್ತಿರುವಾಗಲೇ ಬ್ಯಾಟರಿಯ ತುದಿಗಳಲ್ಲಿ ವೋಲ್ಟ್ ನೋಡಿ, ಬಳಿಕ ಪಂಪಿನ ತುದಿಗಳಲ್ಲಿ ನೋಡಿ. 12 ವೋಲ್ಟಿನ ವ್ಯವಸ್ಥೆಯಲ್ಲಿ ಎರಡರ ನಡುವಿನ ವ್ಯತ್ಯಾಸ 0.36 ವೋಲ್ಟ್ ದಾಟಬಾರದು. ದಾಟಿದರೆ ತಂತಿ ತೆಳುವಾಗಿದೆ ಅಥವಾ ನಡುವೆ ಎಲ್ಲೋ ಜೋಡಣೆ ತುಕ್ಕು ಹಿಡಿದಿದೆ. ದೀಪಗಳಿಗೆ, ರೇಡಿಯೊಗೆ, ಫ್ರಿಜ್ಜಿಗೆ ಇದೇ ಪರೀಕ್ಷೆ ಮಾಡಿ. ಕೆಟ್ಟಿದೆಯೆಂದು ಎಸೆಯಲು ಹೊರಟ ಪಂಪು ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಅದಕ್ಕೆ ಬೇಕಾದಷ್ಟು ವಿದ್ಯುತ್ ತಲುಪುತ್ತಿರುವುದಿಲ್ಲ.

ನೀರಿನ ಗೆರೆಯ ಕೆಳಗೆ

ಬೋಟು ಮೇಲೆ ಬಂದ ಕೂಡಲೇ ಒಡಲನ್ನು ತೂರಿ ಹೋಗುವ ಪ್ರತಿಯೊಂದು ಕಿಂಡಿಯನ್ನೂ ನೋಡಿ: ಎಂಜಿನ್ನಿಗೆ ತಂಪು ನೀರು ಎಳೆಯುವುದು, ಶೌಚದ್ದು, ಸಿಂಕಿನದ್ದು. ವಾಲ್ವುಗಳನ್ನು ತಿರುಗಿಸಿ ನೋಡಿ. ತಿರುಗದ ವಾಲ್ವ್ ಅಪಾಯಕಾಲದಲ್ಲಿ ಇದ್ದೂ ಇಲ್ಲದಂತೆ. ಲೋಹವನ್ನು ಚಾಕುವಿನ ಮೊನೆಯಿಂದ ಸ್ವಲ್ಪ ಕೆರೆಯಿರಿ. ಹಳದಿಯ ಬದಲು ಗುಲಾಬಿ ಬಣ್ಣ ಕಂಡರೆ ಅದು ಹಿತ್ತಾಳೆ, ಅದರೊಳಗಿನ ಸತು ಉಪ್ಪುನೀರಿಗೆ ಕರಗಿ ಹೋಗಿದೆ, ಉಳಿದ ತಾಮ್ರ ಪುಡಿಯಾಗುವ ಸ್ಥಿತಿಯಲ್ಲಿದೆ ಎಂದು ಅರ್ಥ. ಮನೆಯ ನಲ್ಲಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಹಿತ್ತಾಳೆ ವಾಲ್ವನ್ನು ಇಲ್ಲಿ ಎಂದೂ ಹಾಕಬೇಡಿ. ಕಂಚಿನದ್ದು ಅಥವಾ ಸಮುದ್ರ ಬಳಕೆಗೆಂದೇ ಮಾಡಿದ ಗಾಜುನಾರು ಬಲದ ಪ್ಲಾಸ್ಟಿಕ್ಕಿನದ್ದು ಇರಲಿ. ನೀರಿನ ಗೆರೆಯ ಕೆಳಗಿನ ಪ್ರತಿ ಹೋಸ್ ಪೈಪಿಗೆ 316 ದರ್ಜೆಯ ಸ್ಟೀಲಿನ ಕ್ಲಿಪ್ ಎರಡೆರಡು ಬೇಕು. ಪ್ರತಿ ವಾಲ್ವಿನ ಪಕ್ಕದಲ್ಲಿ ಅದರ ಬಾಯಿಗೆ ಹೊಂದುವ ಮೆದು ಮರದ ಮೊನಚು ಬೆಣೆಯೊಂದನ್ನು ದಾರದಲ್ಲಿ ಕಟ್ಟಿಡಿ.

ಇಷ್ಟೆಲ್ಲ ಏಕೆ ಎಂದು ಕೇಳುವವರಿಗೆ ಒಂದು ಲೆಕ್ಕ. ನೀರಿನ ಗೆರೆಯಿಂದ ಅರ್ಧ ಮೀಟರ್ ಕೆಳಗೆ 25 ಮಿಲಿಮೀಟರ್ ಅಗಲದ ಒಂದೇ ಒಂದು ತೂತಿನಿಂದ ನಿಮಿಷಕ್ಕೆ ಸುಮಾರು 55 ಲೀಟರ್ ನೀರು ಒಳನುಗ್ಗುತ್ತದೆ. ಪೆಟ್ಟಿಗೆಯ ಮೇಲೆ ಗಂಟೆಗೆ 2,000 ಗ್ಯಾಲನ್ ಎಂದು ಬರೆದ ಪಂಪು ಲೆಕ್ಕಕ್ಕೆ ನಿಮಿಷಕ್ಕೆ 126 ಲೀಟರ್ ಹೊರಹಾಕಬೇಕು. ಆದರೆ ಆ ಅಂಕಿ ನೀರನ್ನು ಮೇಲೆತ್ತದೆ, ಪೈಪಿಲ್ಲದೆ ಅಳೆದದ್ದು. ಒಂದೂವರೆ ಮೀಟರ್ ಎತ್ತಿ, ಬಾಗಿದ ಪೈಪಿನಲ್ಲಿ ತಳ್ಳುವಾಗ ಅರ್ಧದಷ್ಟು ಬಂದರೆ ದೊಡ್ಡದು. ಅಂದರೆ ಆ ಒಂದು ತೂತಿಗೆ ಆ ಒಂದು ಪಂಪು ಹೇಗೋ ಸಮ. 500 ಗ್ಯಾಲನ್ನಿನ ಚಿಕ್ಕ ಪಂಪನ್ನು ನಂಬಿ ಸೇಂಟ್ ಮೇರೀಸ್ ದ್ವೀಪದಾಚೆಗೆ ಹೋಗುವುದು ಸರಿಯಲ್ಲ.

ನಾನು ಹೇಳುವುದು ಎರಡು ಪಂಪುಗಳನ್ನು. ಚಿಕ್ಕದು ತೀರಾ ತಳದಲ್ಲಿ, ದಿನನಿತ್ಯದ ಸೋರಿಕೆಗೆ. ದೊಡ್ಡದು ಅದಕ್ಕಿಂತ ಒಂದು ಗೇಣು ಮೇಲೆ, ಪ್ರತ್ಯೇಕ ತೇಲುಸ್ವಿಚ್ಚು, ಪ್ರತ್ಯೇಕ ಹೊರದಾರಿ ಮತ್ತು ಎಚ್ಚರಿಕೆಯ ಗಂಟೆಯೊಂದಿಗೆ. ಚಿಕ್ಕ ಪಂಪಿನ ತಂತಿ ಮುಖ್ಯ ಸ್ವಿಚ್ಚನ್ನು ಹಾಯದೆ, ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಹೋಗಲಿ. ನೀವು ಮನೆಯಲ್ಲಿದ್ದು, ಬೋಟು ದಕ್ಕೆಯಲ್ಲಿ ಕಟ್ಟಿದ್ದಾಗಲೂ ಅದು ಕೆಲಸ ಮಾಡಬೇಕು. ಆರು ಚದರ ಮೀಟರ್ ತೆರೆದ ಜಾಗದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 600 ಲೀಟರ್ ನೀರಾಯಿತು. ಜುಲೈಯಲ್ಲಿ ಅಂತಹ ದಿನಗಳು ನಮಗೆ ಹೊಸತಲ್ಲ. ಇವೆರಡರ ಜೊತೆ ಕೈಯಿಂದ ಒತ್ತುವ ಪಂಪೊಂದು ಚುಕ್ಕಾಣಿ ಹಿಡಿದವರ ಕೈಗೆಟಕುವಂತೆ ಇರಲೇಬೇಕು.

ಪ್ರೊಪೆಲ್ಲರ್ ಮತ್ತು ಶಾಫ್ಟನ್ನು ಕಾಯಲು ತಾವೇ ಸವೆಯುವ ಲೋಹದ ತುಂಡುಗಳನ್ನು, ಅಂದರೆ ಆನೋಡ್‌ಗಳನ್ನು, ಅರ್ಧ ಸವೆದಾಗಲೇ ಬದಲಾಯಿಸಿ. ಇಲ್ಲಿ ನಮ್ಮ ಊರಿನ ನೀರನ್ನು ಗಮನಿಸಬೇಕು. ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದೇ ಅಳಿವೆಯಲ್ಲಿ ಕಡಲು ಸೇರುವ ಮಂಗಳೂರಿನಲ್ಲಿ ಕಟ್ಟಿದ ಬೋಟಿಗೆ ಬೇಸಿಗೆಯಲ್ಲಿ ಉಪ್ಪುನೀರು, ಮಳೆಗಾಲದಲ್ಲಿ ಬಹುಮಟ್ಟಿಗೆ ಸಿಹಿನೀರು. ಸಿಹಿನೀರಿನಲ್ಲಿ ಸತುವಿನ ಆನೋಡ್ ಮೇಲೆ ಪದರ ಕಟ್ಟಿ ಅದು ನಿಷ್ಕ್ರಿಯವಾಗುತ್ತದೆ. ಇಂತಹ ಜಾಗಕ್ಕೆ ಅಲ್ಯೂಮಿನಿಯಂ ಮಿಶ್ರಲೋಹದ್ದು ಸರಿ, ಅದು ಎರಡೂ ಬಗೆಯ ನೀರಿಗೆ ಒಗ್ಗುತ್ತದೆ. ಎರಡು ಬಗೆಯ ಆನೋಡ್‌ಗಳನ್ನು ಒಂದೇ ಬೋಟಿನಲ್ಲಿ ಬೆರೆಸಬೇಡಿ. ಆನೋಡ್‌ಗೆ ಬಣ್ಣ ಬಳಿಯಲೇಬೇಡಿ.

ತಂತಿ: ಇಡೀ ಕೆಲಸದ ಬೆನ್ನೆಲುಬು

ಮನೆಗೆ ಹಾಕುವ ತಂತಿಯನ್ನು ಬೋಟಿಗೆ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. ಅಗ್ಗ, ಯಾವ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಉಪ್ಪುಗಾಳಿ ತಂತಿಯ ತುದಿಯಿಂದ ಒಳಗೆ ನುಸುಳಿ ತಾಮ್ರವನ್ನು ಕಪ್ಪಾಗಿಸುತ್ತಾ ಹೋಗುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಸಿಪ್ಪೆ ಸುಲಿದು ನೋಡಿದರೆ ಒಂದಡಿ ಒಳಗೂ ಕಪ್ಪು–ಹಸಿರು ಪುಡಿ. ಬೋಟಿಗೆ ಬೇಕಾದದ್ದು ತವರ ಲೇಪಿಸಿದ, ಸಣ್ಣ ಎಳೆಗಳನ್ನು ಹೆಣೆದ ತಾಮ್ರದ ತಂತಿ. ಒಂಟಿ ಗಟ್ಟಿ ಎಳೆಯ ತಂತಿ ಎಂಜಿನ್ನಿನ ಅದುರುವಿಕೆಗೆ ಮುರಿಯುತ್ತದೆ. ಕೊಚ್ಚಿಯಿಂದಲೋ ಮುಂಬಯಿಯಿಂದಲೋ ತರಿಸಬೇಕಾದರೂ ತರಿಸಿ, ಇದರಲ್ಲಿ ಉಳಿತಾಯ ನೋಡಬೇಡಿ.

ದಪ್ಪ ಎಷ್ಟಿರಬೇಕು? ಸೂತ್ರ ಸುಲಭ. ಹೋಗಿಬರುವ ಒಟ್ಟು ಉದ್ದವನ್ನು ಮೀಟರಿನಲ್ಲಿ ತೆಗೆದುಕೊಳ್ಳಿ, ಆಂಪಿಯರಿನಿಂದ ಗುಣಿಸಿ, 0.0175ರಿಂದ ಗುಣಿಸಿ, ನೀವು ಕಳೆದುಕೊಳ್ಳಲು ಒಪ್ಪುವ ವೋಲ್ಟಿನಿಂದ ಭಾಗಿಸಿ. ಸಿಗುವುದು ತಂತಿಯ ಅಡ್ಡಕೊಯ್ತ, ಚದರ ಮಿಲಿಮೀಟರಿನಲ್ಲಿ. ಬ್ಯಾಟರಿಯಿಂದ ಆರು ಮೀಟರ್ ದೂರದ, 10 ಆಂಪಿಯರ್ ಎಳೆಯುವ ಪಂಪನ್ನು ತೆಗೆದುಕೊಳ್ಳೋಣ. ಹೋಗಿಬರಲು 12 ಮೀಟರ್. ಪಂಪು, ಸಂಚಾರ ದೀಪ, ರೇಡಿಯೊಗಳಿಗೆ ಶೇ 3ಕ್ಕಿಂತ ಹೆಚ್ಚು ನಷ್ಟವಾಗಬಾರದು, ಅಂದರೆ 0.36 ವೋಲ್ಟ್. ಲೆಕ್ಕ ಹಾಕಿದರೆ 5.8 ಬರುತ್ತದೆ, 6 ಚದರ ಮಿಲಿಮೀಟರಿನ ತಂತಿ ಬೇಕು. ಅದೇ ಜಾಗಕ್ಕೆ ಮನೆಯ ದೀಪಕ್ಕೆ ಬಳಸುವ 1.5 ಚದರ ಮಿಲಿಮೀಟರಿನ ತಂತಿ ಹಾಕಿದರೆ 1.4 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಬ್ಯಾಟರಿಯಲ್ಲಿ 12.4 ಇದ್ದರೂ ಪಂಪಿಗೆ ಸಿಗುವುದು 11 ಮಾತ್ರ. ಕ್ಯಾಬಿನ್ ದೀಪ, ಫ್ಯಾನ್‌ನಂತಹವುಗಳಿಗೆ ಶೇ 10ರವರೆಗೆ ನಡೆಯುತ್ತದೆ.

ಲಂಗರು ಎತ್ತುವ ವಿದ್ಯುತ್ ಯಂತ್ರ ಹಾಕಿಸುವವರು ಈ ಲೆಕ್ಕವನ್ನು ಇನ್ನೂ ಎಚ್ಚರದಿಂದ ಮಾಡಬೇಕು. 80 ಆಂಪಿಯರ್, ಹೋಗಿಬರಲು 14 ಮೀಟರ್, ಶೇ 10 ನಷ್ಟ ಎಂದರೂ 16ಕ್ಕಿಂತ ತುಸು ಹೆಚ್ಚು ಬರುತ್ತದೆ, ಆದ್ದರಿಂದ 25 ಚದರ ಮಿಲಿಮೀಟರಿನದ್ದೇ ಹಾಕಬೇಕು.

ಫ್ಯೂಸ್ ಇರುವುದು ತಂತಿಯನ್ನು ಕಾಯಲು. ಆದ್ದರಿಂದ ತಂತಿ ತಡೆಯುವ ಆಂಪಿಯರಿಗೆ ಮೀರದಂತೆ ಫ್ಯೂಸ್ ಆರಿಸಬೇಕು. ಬ್ಯಾಟರಿಯ ಧನ ತುದಿಯಿಂದ ಹೊರಡುವ ತಂತಿಗೆ, ಎಂಜಿನ್ ಸ್ಟಾರ್ಟರಿನದ್ದೊಂದನ್ನು ಬಿಟ್ಟು, 18 ಸೆಂಟಿಮೀಟರಿನೊಳಗೆ ಫ್ಯೂಸ್ ಇರಲಿ. ಫ್ಯೂಸ್ ಇಲ್ಲದ ಆ ತುಂಡು ಉಜ್ಜಿ ಸವೆದು ಎಂಜಿನ್ನಿಗೆ ತಾಗಿದರೆ ಬೆಂಕಿಯನ್ನು ತಡೆಯುವವರಿಲ್ಲ. ಜೋಡಣೆಗೆ ರ‍್ಯಾಚೆಟ್ ಇರುವ ಒತ್ತುಕತ್ತರಿ (ಕ್ರಿಂಪರ್), ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಕೊಳವೆ ಬಳಸಿ. ಬೆಸುಗೆಯೊಂದನ್ನೇ ನಂಬಬೇಡಿ: ಬೆಸುಗೆ ಹರಿದ ಜಾಗದಲ್ಲಿ ಎಳೆಗಳು ಗಟ್ಟಿಯಾಗಿ, ಅದುರಿ ಅದುರಿ ಅಲ್ಲೇ ಮುರಿಯುತ್ತವೆ. ಇನ್ಸುಲೇಷನ್ ಟೇಪಿನ ಅಂಟು ನಮ್ಮ ಸೆಕೆಗೆ ಕರಗಿ ಇಳಿಯುತ್ತದೆ. ಅದನ್ನು ಗುರುತಿಗೆ ಮಾತ್ರ ಇಟ್ಟುಕೊಳ್ಳಿ. ಅರ್ಧ ಅಡಿಗೊಂದರಂತೆ ತಂತಿಯನ್ನು ಕ್ಲಿಪ್ ಹಾಕಿ ಬಿಗಿಯಿರಿ, ಎರಡೂ ತುದಿಗೆ ಸಂಖ್ಯೆ ಬರೆಯಿರಿ, ಆ ಸಂಖ್ಯೆಗಳ ನಕ್ಷೆಯನ್ನು ಸ್ವಿಚ್ ಫಲಕದ ಬಾಗಿಲಿನ ಒಳಗೆ ಅಂಟಿಸಿ.

ಎಂಜಿನ್ ಪೆಟ್ರೋಲಿನದಾದರೆ ಇನ್ನೊಂದು ನಿಯಮ ಸೇರುತ್ತದೆ. ಎಂಜಿನ್ ಕೋಣೆಯೊಳಗೆ ಇಡುವ ಪ್ರತಿ ಪಂಪು, ಸ್ವಿಚ್ಚು, ಚಾರ್ಜರ್ ಕಿಡಿ ಹೊರಬಿಡದಂತೆ ಮುಚ್ಚಿದ, ಅದಕ್ಕೆಂದೇ ಪ್ರಮಾಣಿತವಾದ ಬಗೆಯದ್ದಾಗಿರಬೇಕು. ಕಾರಿನ ಬಿಡಿಭಾಗ ಹಾಕಬಾರದು. ಚಾಲೂ ಮಾಡುವ ಮೊದಲು ನಾಲ್ಕು ನಿಮಿಷವಾದರೂ ಗಾಳಿಯಂತ್ರ ಓಡಿಸಿ ಆವಿ ಹೊರಹಾಕಬೇಕು.

ಬ್ಯಾಟರಿ ಎಷ್ಟು ಬೇಕು?

ಬೋಟಿನಲ್ಲಿ ಒಂದು ದಿನ, ಒಂದು ರಾತ್ರಿ ಕಳೆಯುವ ಲೆಕ್ಕ ಹಾಕಿ. ನಾಲ್ಕು ಆಂಪಿಯರಿನ ಫ್ರಿಜ್ ಅರ್ಧ ಹೊತ್ತು ಓಡಿದರೂ ದಿನಕ್ಕೆ 48 ಆಂಪಿಯರ್–ಗಂಟೆ. ಎರಡು ಫ್ಯಾನ್ ರಾತ್ರಿಯಿಡೀ 10, ರೇಡಿಯೊ ಕಿವಿ ತೆರೆದಿಟ್ಟುಕೊಂಡೇ ಇರಲು 10, ಪ್ಲಾಟರ್ ಆರು ತಾಸಿಗೆ 9, ಎಲ್‌ಇಡಿ ದೀಪ ಏಳೆಂಟು, ಲಂಗರು ದೀಪ ಎರಡು, ನೀರಿನ ಪಂಪಿಗೆ ಒಂದೂವರೆ. ಒಟ್ಟು 88ರ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಫ್ರಿಜ್ಜಿಗೇ ಹೋಯಿತು ಎಂಬುದನ್ನು ನೋಡಿ. ಒಂದೇ ರಾತ್ರಿಯ ಪಯಣಕ್ಕೆ ಮಂಜುಗಡ್ಡೆ ತುಂಬಿದ ಪೆಟ್ಟಿಗೆ ಸಾಕೆನಿಸಿದರೆ ದೊಡ್ಡ ಬ್ಯಾಟರಿಯ ಖರ್ಚೇ ಉಳಿಯುತ್ತದೆ. ಬಂದರಿನಲ್ಲಿ ಮಂಜುಗಡ್ಡೆಗೆ ಬರವಿಲ್ಲ.

ಸೀಸ–ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕುಗ್ಗುತ್ತದೆ, ಹಾಗಾಗಿ 88ಕ್ಕೆ 180 ಆಂಪಿಯರ್–ಗಂಟೆಯಷ್ಟು ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬಗೆಯದರಲ್ಲಿ ಶೇ 80 ಬಳಸಬಹುದು, 110 ಸಾಕು. ತೂಕವೂ ಅರ್ಧಕ್ಕಿಂತ ಕಡಿಮೆ. ಆದರೆ ಹಳೆಯದನ್ನು ಎತ್ತಿ ಲಿಥಿಯಂ ಇಟ್ಟುಬಿಡುವುದು ತಪ್ಪು. ಅದು ಎಷ್ಟು ಕೊಟ್ಟರೂ ಎಳೆದುಕೊಳ್ಳುತ್ತದೆ, ಎಂಜಿನ್ನಿನಿಂದ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಪೂರ್ಣ ಬಲದಲ್ಲಿ ಬಹಳ ಹೊತ್ತು ಓಡಿ ಸುಟ್ಟುಹೋಗಬಹುದು. ಬ್ಯಾಟರಿಯ ಒಳಗಿನ ರಕ್ಷಣಾ ಮಂಡಲ ಓಡುವಾಗಲೇ ತಟ್ಟನೆ ಸಂಪರ್ಕ ಕಡಿದರೆ ಆಲ್ಟರ್ನೇಟರಿನ ಡಯೋಡ್‌ಗಳು ಹೋಗುತ್ತವೆ. ಎಂಜಿನ್ ಚಾಲೂ ಮಾಡಲು ಸೀಸದ ಬ್ಯಾಟರಿಯೊಂದನ್ನು ಹಾಗೆಯೇ ಬಿಟ್ಟು, ಆಲ್ಟರ್ನೇಟರನ್ನು ಅದಕ್ಕೇ ಜೋಡಿಸಿ, ಅಲ್ಲಿಂದ ಡಿಸಿ–ಡಿಸಿ ಚಾರ್ಜರ್ ಮೂಲಕ ಲಿಥಿಯಂ ತುಂಬಿಸುವುದು ಕ್ಷೇಮ. ಲಿಥಿಯಂ ಬ್ಯಾಟರಿಯನ್ನು ಎಂಜಿನ್ ಕೋಣೆಯಲ್ಲಿ ಇಡಬೇಡಿ. ಸಾಮಾನ್ಯವಾಗಿ 45 ಡಿಗ್ರಿಗಿಂತ ಬಿಸಿಯಾದರೆ ಅದನ್ನು ಚಾರ್ಜ್ ಮಾಡಬಾರದು, ಏಪ್ರಿಲ್‌ನಲ್ಲಿ ಆ ಕೋಣೆ ಅದನ್ನು ಸುಲಭವಾಗಿ ದಾಟುತ್ತದೆ.

ಮಾಡಿನ ಮೇಲೆ 100 ವಾಟಿನ ಸೌರಫಲಕ ಇಟ್ಟರೆ ಬೇಸಿಗೆಯ ಒಳ್ಳೆಯ ಬಿಸಿಲಿಗೆ ದಿನಕ್ಕೆ 30 ಆಂಪಿಯರ್–ಗಂಟೆಯ ಹತ್ತಿರ ಸಿಗುತ್ತದೆ. ಮಳೆಗಾಲದಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ದೀಪ, ರೇಡಿಯೊ, ಅಪಾಯದ ಕರೆ

12 ಮೀಟರಿಗಿಂತ ಚಿಕ್ಕ ಬೋಟಿನ ಸಂಚಾರ ದೀಪಗಳಿಗೆ ಅಂತರರಾಷ್ಟ್ರೀಯ ನಿಯಮವಿದೆ: ಕೆಂಪು–ಹಸಿರು ಪಕ್ಕದೀಪಗಳು ಒಂದು ನಾಟಿಕಲ್ ಮೈಲಿಗೆ, ಕಂಬದ ದೀಪ ಮತ್ತು ಹಿಂದೀಪ ಎರಡು ಮೈಲಿಗೆ ಕಾಣಬೇಕು. ಎಲ್‌ಇಡಿಗೆ ಬದಲಾಯಿಸುವುದಾದರೆ ಬಲ್ಬ್ ಮಾತ್ರ ಬದಲಿಸದೆ ಪ್ರಮಾಣಿತ ದೀಪವನ್ನೇ ಪೂರ್ತಿಯಾಗಿ ಹಾಕಿ, ಏಕೆಂದರೆ ಬೆಳಕು ಬೀಳುವ ಕೋನವೂ ನಿಯಮದ ಭಾಗ. ಅಗ್ಗದ ಎಲ್‌ಇಡಿಗಳು ರೇಡಿಯೊ ಗದ್ದಲ ಎಬ್ಬಿಸುತ್ತವೆ. ರೇಡಿಯೊದ ಗದ್ದಲ ಅಡಗಿಸುವ ಸ್ಕ್ವೆಲ್ಚ್ ಗುಂಡಿಯನ್ನು ಗೊರಗೊರ ಸದ್ದು ಈಗಷ್ಟೇ ನಿಂತಿತು ಎಂಬಲ್ಲಿಗೆ ಇಟ್ಟು, ಒಂದೊಂದೇ ದೀಪ ಹಚ್ಚಿ. ಯಾವುದಕ್ಕೆ ಸದ್ದು ಮರಳಿ ಬರುತ್ತದೋ ಆ ದೀಪ ಬೇಡ.

ಮೊಬೈಲ್ ಇದೆಯಲ್ಲ, ವಿಎಚ್‌ಎಫ್ ಎಂಬ ಕಡಲ ರೇಡಿಯೊ ಏಕೆ ಎನ್ನುವವರು ದಡದಿಂದ ಹದಿನೈದು ಮೈಲಿ ಆಚೆ ಒಮ್ಮೆ ಮೊಬೈಲ್ ನೋಡಬೇಕು. ಮೊಬೈಲ್ ಕರೆ ಒಬ್ಬರಿಗೆ ಮಾತ್ರ ಕೇಳುತ್ತದೆ. ಅಪಾಯದ ಕರೆಗೆಂದೇ ಎಲ್ಲರೂ ಕಿವಿಗೊಡುವ 16ನೇ ಚಾನೆಲಿನ ಕರೆ ಸುತ್ತಲಿನ ಪ್ರತಿ ಬೋಟು ನಡೆಸುವ ತಾಂಡೇಲನಿಗೂ, ಪಣಂಬೂರಿನ ಹೊರಗೆ ಲಂಗರು ಹಾಕಿದ ಹಡಗುಗಳಿಗೂ ಕೇಳುತ್ತದೆ. 25 ವಾಟಿನ, ಒತ್ತಿದರೆ ತಾನಾಗಿ ಅಪಾಯದ ಕರೆ ಕಳುಹಿಸುವ ಡಿಎಸ್‌ಸಿ ಗುಂಡಿ ಇರುವ ರೇಡಿಯೊ ಹಾಕಿ. ದೂರವನ್ನು ನಿರ್ಧರಿಸುವುದು ವಾಟಿಗಿಂತ ಹೆಚ್ಚಾಗಿ ಆಂಟೆನಾದ ಎತ್ತರ. ಮೀಟರಿನಲ್ಲಿ ಎತ್ತರದ ವರ್ಗಮೂಲವನ್ನು 2.25ರಿಂದ ಗುಣಿಸಿದರೆ ದಿಗಂತದ ದೂರ ನಾಟಿಕಲ್ ಮೈಲಿಯಲ್ಲಿ ಸಿಗುತ್ತದೆ. ಎರಡೂ ಕಡೆಯದನ್ನು ಕೂಡಿಸಬೇಕು. ನಿಮ್ಮ ಆಂಟೆನಾ ನಾಲ್ಕು ಮೀಟರ್ ಎತ್ತರದಲ್ಲಿದ್ದರೆ ನಾಲ್ಕೂವರೆ ಮೈಲಿ. ಅಷ್ಟೇ ಎತ್ತರದ ಇನ್ನೊಂದು ಬೋಟಿಗೆ ಒಂಬತ್ತು ಮೈಲಿ. ದಡದಲ್ಲಿ 49 ಮೀಟರ್ ಎತ್ತರದ ಆಂಟೆನಾ ಇದ್ದರೆ ಇಪ್ಪತ್ತರವರೆಗೆ. ಆದ್ದರಿಂದ ಆಂಟೆನಾವನ್ನು ಸಾಧ್ಯವಾದಷ್ಟು ಮೇಲಿಡಿ, ತೆಳು ಕೇಬಲ್ ಬೇಡ, ತುದಿಯ ಕನೆಕ್ಟರನ್ನು ನೀರು ನುಸುಳದಂತೆ ಮುಚ್ಚಿ.

ಡಿಎಸ್‌ಸಿಗೂ, ಬೋಟಿನ ಹೆಸರು–ಸ್ಥಾನವನ್ನು ಸುತ್ತಲಿನವರಿಗೆ ಸಾರುವ ಎಐಎಸ್‌ ಯಂತ್ರಕ್ಕೂ ಬೋಟನ್ನು ಗುರುತಿಸುವ ಒಂಬತ್ತು ಅಂಕಿಯ ಎಂಎಂಎಸ್‌ಐ ಸಂಖ್ಯೆ ಬೇಕು. ಭಾರತದ ಬೋಟುಗಳದ್ದು 419ರಿಂದ ಶುರುವಾಗುತ್ತದೆ. ರೇಡಿಯೊಗೆ ದೂರಸಂಪರ್ಕ ಇಲಾಖೆಯ ಪರವಾನಗಿಯೂ ಬೇಕು. ಹಳೆಯ ಸೆಟ್ ಕೊಂಡಿದ್ದರೆ ಅದರೊಳಗೆ ಹಿಂದಿನ ಬೋಟಿನ ಸಂಖ್ಯೆಯೇ ಉಳಿದಿರುತ್ತದೆ. ಅದನ್ನು ಬದಲಾಯಿಸದೆ ಕೆಂಪು ಗುಂಡಿ ಒತ್ತಿದರೆ ಹುಡುಕುವವರು ಬೇರೆಯೇ ಬೋಟನ್ನು ಹುಡುಕುತ್ತಾರೆ. ವಿದೇಶದಿಂದ ಬರುವ ನೆಂಟರ ಕೈಯಲ್ಲಿ ಸಲಕರಣೆ ತರಿಸುವವರಿಗೆ ಒಂದು ಗಂಭೀರ ಎಚ್ಚರಿಕೆ: ಥುರಾಯ, ಇರಿಡಿಯಂ ಉಪಗ್ರಹ ಫೋನುಗಳನ್ನೂ ಆ ಜಾಲ ಬಳಸುವ ಸಂದೇಶ ಯಂತ್ರಗಳನ್ನೂ ಅನುಮತಿಯಿಲ್ಲದೆ ಭಾರತಕ್ಕೆ ತರುವುದು, ಬಳಸುವುದು ಕಾನೂನಿಗೆ ವಿರುದ್ಧ. ವಿಮಾನ ನಿಲ್ದಾಣದಲ್ಲೇ ಬಂಧನವಾದ ಪ್ರಕರಣಗಳಿವೆ.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಣ್ಮರೆಯಾಯಿತು. ಕಡಲತಳದಲ್ಲಿ ಅವಶೇಷ ಪತ್ತೆಯಾದದ್ದು 2019ರ ಮೇ ತಿಂಗಳಿನಲ್ಲಿ, ಮಹಾರಾಷ್ಟ್ರದ ಕರಾವಳಿಯಾಚೆ. ಆ ನಡುವಿನ ತಿಂಗಳುಗಳನ್ನು ಕಂಡ ಯಾರೂ ಬೋಟು ಎಲ್ಲಿದೆ ಎಂದು ತಾನಾಗಿ ಹೇಳುವ ಉಪಕರಣವನ್ನು ಐಷಾರಾಮ ಎನ್ನಲಾರರು. 406 ಮೆಗಾಹರ್ಟ್ಜ್‌ನ ಇಪಿಆರ್‌ಬಿ ಎಂಬ ಅಪಾಯಸೂಚಕ ಯಂತ್ರ ನೀರಿಗೆ ಬಿದ್ದ ಮೇಲೆ ಉಪಗ್ರಹಕ್ಕೆ ಗುರುತು ಕಳುಹಿಸುತ್ತದೆ. ಆ ಗುರುತಿನ ಜೊತೆ ನಿಮ್ಮ ಹೆಸರು, ದೂರವಾಣಿ ಸೇರಬೇಕಾದರೆ ಬೆಂಗಳೂರಿನ ಇಸ್ರೋ ಕೇಂದ್ರ ಇಸ್ಟ್ರಾಕ್‌ನಲ್ಲಿರುವ ಭಾರತೀಯ ನಿಯಂತ್ರಣ ಕೇಂದ್ರದಲ್ಲಿ ನೋಂದಾಯಿಸಿರಬೇಕು. ಮೀನುಗಾರರಿಗೆಂದು ಇಸ್ರೋ ರೂಪಿಸಿದ ಅಪಾಯ ಎಚ್ಚರಿಕೆಯ ಸಾಧನದ ಎರಡನೇ ಪೀಳಿಗೆ 2024ರಲ್ಲಿ ಬಂದಿದೆ. ಕರೆ ಮುಟ್ಟಿತು ಎಂಬ ಉತ್ತರವನ್ನೂ ಅದು ಬೋಟಿಗೆ ತರುತ್ತದೆ. ಯಾವುದನ್ನೇ ಹಾಕಿದರೂ ಬ್ಯಾಟರಿಯ ಅವಧಿ ಮುಗಿಯುವ ದಿನಾಂಕವನ್ನು ಕ್ಯಾಬಿನ್ ಗೋಡೆಯಲ್ಲಿ ಬರೆದಿಡಿ. ಅದರ ಪಕ್ಕದಲ್ಲೇ ಎರಡು ಸಂಖ್ಯೆಗಳಿರಲಿ: ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.

ಆಳಮಾಪಕ ಮತ್ತು ಪರದೆ

ಈಗ ಪರದೆಯ ಸರದಿ. ಆದರೆ ನಮ್ಮ ಕರಾವಳಿಯಲ್ಲಿ ಪರದೆಗಿಂತ ಅದಕ್ಕೆ ಜೋಡಿಸುವ ಆಳಮಾಪಕ ಹೆಚ್ಚು ಬೆಲೆಯುಳ್ಳದ್ದು. ಅಳಿವೆ ಬಾಗಿಲುಗಳಲ್ಲಿ ಮರಳ ದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ; ಪ್ಲಾಟರಿನ ನಕ್ಷೆ ಕಳೆದ ವರ್ಷದ್ದೋ ಅದಕ್ಕೂ ಹಿಂದಿನದ್ದೋ. ನಕ್ಷೆಯಲ್ಲಿ ಮೂರು ಮೀಟರ್ ಎಂದಿದ್ದರೂ ಆಳಮಾಪಕ ಒಂದೂವರೆ ಎಂದರೆ ಆಳಮಾಪಕದ ಮಾತನ್ನೇ ಕೇಳಿ.

ಒಡಲು ಗಟ್ಟಿ ಫೈಬರಾದರೆ ಸಂವೇದಕವನ್ನು ಒಳಗಿನಿಂದಲೇ ಎಪಾಕ್ಸಿ ಹಾಕಿ ಅಂಟಿಸಬಹುದು, ತೂತು ಬೇಡ. ನಡುವೆ ಮರ ಅಥವಾ ಫೋಮ್ ತುಂಬಿದ ಒಡಲಾದರೆ ಧ್ವನಿತರಂಗ ದಾಟುವುದಿಲ್ಲ. ಅಂಟಿಸುವ ಮೊದಲು ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಸಂವೇದಕವನ್ನಿಟ್ಟು, ಒಡಲಿನ ಒಳಮೈಗೆ ಒತ್ತಿ, ಆಳ ಸರಿಯಾಗಿ ಕಾಣುತ್ತದೆಯೇ ನೋಡಿ. ಇದನ್ನು ಬೋಟು ನೀರಿನಲ್ಲಿದ್ದಾಗಲೇ ಮಾಡಬೇಕು.

ಉಪಕರಣಗಳು ಒಂದಕ್ಕೊಂದು ಮಾತನಾಡುವ ಎನ್‌ಎಂಇಎ 2000 ಜಾಲಕ್ಕೆ ಒಂದೇ ಬೆನ್ನುಕೇಬಲ್, ಅದರ ಎರಡೂ ತುದಿಗೆ 120 ಓಮ್‌ನ ಮುಚ್ಚಳ. ವಿದ್ಯುತ್ ಆರಿಸಿ ಎರಡು ದತ್ತ ತಂತಿಗಳ ನಡುವೆ ಅಳೆದರೆ 60 ಓಮ್ ತೋರಬೇಕು. 120 ತೋರಿದರೆ ಒಂದು ಮುಚ್ಚಳ ಬಿಟ್ಟುಹೋಗಿದೆ. ಕವಲು ಕೇಬಲ್ ಆರು ಮೀಟರ್ ಮೀರಬಾರದು. ಎಐಎಸ್ ಹಾಕಿದರೆ ಹಡಗುಗಳು ಪರದೆಯ ಮೇಲೆ ಕಾಣುತ್ತವೆ, ನಾಡದೋಣಿಗಳು ಕಾಣುವುದಿಲ್ಲ. ರಾತ್ರಿ ಕಣ್ಣಿನ ಕಾವಲು ಬಿಡುವಂತಿಲ್ಲ. ಸ್ಪೀಕರನ್ನು ದಿಕ್ಸೂಚಿಯಿಂದ ಒಂದು ಮೀಟರಾದರೂ ದೂರ ಇಡಿ.

ಮೇಲ್ಮಾಳಿಗೆಗೆ ಏನನ್ನಾದರೂ ತಿರುಪು ಹಾಕಿ ಕೂರಿಸುವಾಗ ಒಂದು ಕೆಲಸವನ್ನು ತಪ್ಪಿಸಬೇಡಿ. ಹಲವು ಬೋಟುಗಳಲ್ಲಿ ಆ ಪದರದ ನಡುವೆ ಬಾಲ್ಸಾ ಎಂಬ ಹಗುರ ಮರ ಇರುತ್ತದೆ. ತಿರುಪಿನ ಪಕ್ಕದಿಂದ ಇಳಿದ ಹನಿ ಅದನ್ನು ಕೊಳೆಸುತ್ತದೆ. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೆಯಿರಿ. ಆಮೇಲೆ ಸಮುದ್ರ ಬಳಕೆಯ ಸೀಲಂಟ್ ಹಚ್ಚಿ ಬಿಗಿಯಿರಿ.

ಅಡುಗೆಮೂಲೆ ಮತ್ತು ಶೌಚ

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ತಳಕ್ಕಿಳಿದು ನಿಲ್ಲುತ್ತದೆ. ಸಿಲಿಂಡರನ್ನು ಕ್ಯಾಬಿನ್ನಿನ ಹೊರಗೆ, ಅಡಿಯಿಂದ ಕಡಲಿಗೆ ತೆರೆದ ಕಿಂಡಿಯಿರುವ ಪೆಟ್ಟಿಗೆಯಲ್ಲಿಡಿ. ಸೋರಿಕೆ ಪತ್ತೆಯಂತ್ರವನ್ನು ನೆಲದ ಮಟ್ಟದಲ್ಲಿ ಹಾಕಿ. ಶೌಚದ ಪೈಪು ನೀರಿನ ಗೆರೆಗಿಂತ ಮೇಲಕ್ಕೆ ಬಾಗಿ ಬರಬೇಕು, ಆ ಬಾಗಿನ ತುದಿಯಲ್ಲಿ ಗಾಳಿ ಸೇರುವ ವಾಲ್ವ್ ಇರಬೇಕು. ಇಲ್ಲವಾದರೆ ಹೊರಗಿನ ನೀರು ತಾನಾಗಿ ಒಳಗೆಳೆದುಕೊಂಡು ಬೋಟು ತುಂಬುತ್ತದೆ. ನದಿಯಲ್ಲಿ ನಿಲ್ಲುವ ಬೋಟಿಗೆ ಹಿಡಿದಿಡುವ ತೊಟ್ಟಿ ಹಾಕಿಸಿ. ಅದೇ ನೀರಿನಲ್ಲಿ ಚಿಪ್ಪು ಹೆಕ್ಕುವವರಿದ್ದಾರೆ.

ನೀರಿಗಿಳಿಸಿದ ಮೇಲೆ

ಇಳಿಸುವ ಕೊಕ್ಕೆ ಅಥವಾ ಬಂಡಿಯಿಂದ ಬೋಟನ್ನು ಪೂರ್ತಿ ಬಿಡಿಸುವ ಮೊದಲೇ ಒಳಗಿಳಿದು ಪ್ರತಿ ವಾಲ್ವನ್ನೂ ಟಾರ್ಚ್ ಹಿಡಿದು ನೋಡಿ, ಜೋಡಣೆಯ ಸುತ್ತ ಒಣ ಕಾಗದದಿಂದ ಒರೆಸಿ. ಮೊದಲ ರಾತ್ರಿ ದಕ್ಕೆಯಲ್ಲೇ ಇರಲಿ. ಬೆಳಿಗ್ಗೆ ತಳದಲ್ಲಿ ನೀರೆಷ್ಟಿದೆ, ಬ್ಯಾಟರಿಯಲ್ಲಿ ವೋಲ್ಟ್ ಎಷ್ಟಿದೆ ಎಂದು ಬರೆದುಕೊಳ್ಳಿ. ಬಕೆಟ್ ನೀರು ಸುರಿದು ಎರಡೂ ತೇಲುಸ್ವಿಚ್ಚುಗಳನ್ನು ಪರೀಕ್ಷಿಸಿ. ಎಲ್ಲ ಉಪಕರಣಗಳನ್ನೂ ಒಟ್ಟಿಗೆ ಓಡಿಸಿ ಅರ್ಧ ಗಂಟೆ ಬಿಟ್ಟು, ಜೋಡಣೆಗಳನ್ನು ಕೈ ಮುಟ್ಟಿ ನೋಡಿ. ಬಿಸಿಯಾದದ್ದನ್ನು ಬಿಚ್ಚಿ ಮತ್ತೆ ಮಾಡಿ. ರೇಡಿಯೊ ಪರೀಕ್ಷೆಗೆ 16ನೇ ಚಾನೆಲ್ ಬಳಸದೆ ಪರಿಚಯದ ಬೋಟಿನವರೊಂದಿಗೆ ಬೇರೆ ಚಾನೆಲ್ ಗೊತ್ತುಮಾಡಿಕೊಳ್ಳಿ. ಇಪಿಆರ್‌ಬಿಯಲ್ಲಿ ಸ್ವಯಂಪರೀಕ್ಷೆಯ ಗುಂಡಿಯನ್ನು ಮಾತ್ರ ಒತ್ತಿ.

ಮೊದಲ ಓಟ ಹಗಲಿನಲ್ಲಿ, ಭರತ ಏರುತ್ತಿರುವಾಗ, ಅಳಿವೆಯ ಒಳಗೇ ಇರಲಿ. ಏರುವ ನೀರಿನಲ್ಲಿ ದಿಬ್ಬಕ್ಕೆ ತಾಗಿದರೂ ನೀರೇ ಎತ್ತಿ ಬಿಡುತ್ತದೆ. ಎರಡು ಗಂಟೆ ಓಡಿದ ಮೇಲೆ ಎಲ್ಲ ಹೋಸ್ ಕ್ಲಿಪ್‌ಗಳನ್ನು ಮತ್ತೊಮ್ಮೆ ಬಿಗಿಯಿರಿ. ಹೊಸ ಸಲಕರಣೆಯ ಪಟ್ಟಿ, ಸರಣಿ ಸಂಖ್ಯೆ, ಬಿಲ್ಲುಗಳ ಪ್ರತಿಯನ್ನು ವಿಮಾ ಕಂಪನಿಗೆ ಬರಹದಲ್ಲಿ ಕಳುಹಿಸಿ, ಸ್ವೀಕೃತಿ ಪಡೆದುಕೊಳ್ಳಿ. ಕಳಚಿದ ಹಳೆಯ ಸೀಸದ ಬ್ಯಾಟರಿಗಳನ್ನು ಹೊಸದು ಕೊಂಡ ಅಂಗಡಿಗೇ ಹಿಂತಿರುಗಿಸಿ.